ಶಿಮೊನ್ ಸಕಾಗುಚಿ

ಶಿಮೊನ್ ಸಕಾಗುಚಿ (ಜನನ: 19 ಜನವರಿ 1951) ಜಪಾನಿನ ವೈದ್ಯವಿಜ್ಞಾನಿ ಹಾಗೂ ರೋಗನಿರೋಧಶಾಸ್ತ್ರಜ್ಞರು. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ದಾಳಿ ಮಾಡದಂತೆ ತಡೆಯುವ ನಿಯಂತ್ರಕ ಟಿ ಜೀವಕೋಶಗಳನ್ನು ಗುರುತಿಸಿದ್ದು ಇವರ ಪ್ರಮುಖ ಸಾಧನೆ. ಈ ಜೀವಕೋಶಗಳನ್ನು ಸಂಕ್ಷಿಪ್ತವಾಗಿ ಟಿ-ರೆಗ್ ಎಂದೂ ಕರೆಯುತ್ತಾರೆ. ರೋಗನಿರೋಧಕ ವ್ಯವಸ್ಥೆಯ ಬಾಹ್ಯ ಸಹಿಷ್ಣುತೆಗೆ ಸಂಬಂಧಿಸಿದ ಸಂಶೋಧನೆಗಳಿಗಾಗಿ ಸಕಾಗುಚಿ ಅವರಿಗೆ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಇವರು ಒಸಾಕಾ ವಿಶ್ವವಿದ್ಯಾಲಯದ ಇಮ್ಯುನಾಲಜಿ ಫ್ರಾಂಟಿಯರ್ ರಿಸರ್ಚ್ ಸೆಂಟರ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾರೆ.

ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಪ್ರತ್ಯೇಕ ಜೀವಕೋಶಗಳಿವೆ ಎಂಬ ವಿಚಾರವನ್ನು 1980ರ ದಶಕದಲ್ಲಿ ಬಹುಪಾಲು ವಿಜ್ಞಾನಿಗಳು ಕೈಬಿಟ್ಟಿದ್ದರು. ಆ ಕಾಲದಲ್ಲೂ ಸಕಾಗುಚಿ ಅದೇ ಪ್ರಶ್ನೆಯನ್ನು ಬೆನ್ನುಹತ್ತಿ, ಅಂತಹ ಜೀವಕೋಶಗಳನ್ನು ಬೇರ್ಪಡಿಸಿ ಪರೀಕ್ಷಿಸಲು ನೆರವಾಗುವ ಗುರುತನ್ನು 1995ರಲ್ಲಿ ಪ್ರಕಟಿಸಿದರು. ಸ್ವಯಂನಿರೋಧಕ ಕಾಯಿಲೆಗಳು, ಕ್ಯಾನ್ಸರ್ ಮತ್ತು ಅಂಗಾಂಗ ಕಸಿಯ ಕುರಿತ ಇಂದಿನ ಸಂಶೋಧನೆಯ ಒಂದು ದೊಡ್ಡ ಭಾಗ ಈ ಕೆಲಸದ ಮೇಲೆ ನಿಂತಿದೆ.

ಜೀವನ ಮತ್ತು ವೃತ್ತಿ

ಸಕಾಗುಚಿ ಜಪಾನಿನ ಶಿಗಾ ಪ್ರಾಂತ್ಯದಲ್ಲಿ, ಬಿವಾ ಸರೋವರದ ದಡದಲ್ಲಿರುವ ನಾಗಹಾಮ ನಗರದಲ್ಲಿ ಜನಿಸಿದರು. 1976ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಬಳಿಕ ನಗೋಯಾ ನಗರದ ಐಚಿ ಕ್ಯಾನ್ಸರ್ ಕೇಂದ್ರದ ಸಂಶೋಧನಾ ಸಂಸ್ಥೆಯನ್ನು ಸೇರಿ ಯಾಸುವಾಕಿ ನಿಶಿಜುಕಾ ಅವರ ತಂಡದಲ್ಲಿ ಕೆಲಸ ಆರಂಭಿಸಿದರು. ಮುಂದೆ ಕ್ಯೋಟೋ ವಿಶ್ವವಿದ್ಯಾಲಯದಿಂದಲೇ ಪಿಎಚ್‌ಡಿ ಪದವಿಯನ್ನೂ ಪಡೆದರು.

1980ರ ದಶಕದಲ್ಲಿ ಅಮೆರಿಕಕ್ಕೆ ತೆರಳಿದ ಅವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. 1990ರ ದಶಕದ ಆರಂಭದಲ್ಲಿ ಜಪಾನಿಗೆ ಮರಳಿ, ಟೋಕಿಯೋ ಮಹಾನಗರ ವೃದ್ಧಾಪ್ಯಶಾಸ್ತ್ರ ಸಂಸ್ಥೆಯಲ್ಲಿ ವಿಭಾಗವೊಂದರ ಮುಖ್ಯಸ್ಥರಾದರು. 1999ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡು, ಮುಂದೆ ಅಲ್ಲಿನ ವೈದ್ಯವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 2011ರಲ್ಲಿ ಒಸಾಕಾ ವಿಶ್ವವಿದ್ಯಾಲಯಕ್ಕೆ ಬಂದರು. ಇವರ ಪತ್ನಿ ನೊರಿಕೊ ಸಕಾಗುಚಿ ಅವರೂ ಸಂಶೋಧಕಿ. 1995ರ ಪ್ರಬಂಧವೂ ಸೇರಿದಂತೆ ಹಲವು ಪ್ರಮುಖ ಪ್ರಬಂಧಗಳಿಗೆ ಅವರು ಸಹಲೇಖಕಿಯಾಗಿದ್ದಾರೆ.

ವೈಜ್ಞಾನಿಕ ಹಿನ್ನೆಲೆ

ಟಿ ಜೀವಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ಇವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂಬದಿಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಪ್ರತಿಯೊಂದು ಟಿ ಜೀವಕೋಶದ ಮೇಲ್ಮೈಯಲ್ಲಿ ಒಂದು ನಿರ್ದಿಷ್ಟ ಆಕಾರದ ಗ್ರಾಹಕವಿರುತ್ತದೆ. ಗ್ರಾಹಕಗಳ ವಂಶವಾಹಿ ತುಣುಕುಗಳು ಯಾದೃಚ್ಛಿಕವಾಗಿ ಜೋಡಣೆಯಾಗುವುದರಿಂದ ಅವುಗಳಲ್ಲಿ ಅಪಾರ ವೈವಿಧ್ಯವಿದೆ. ಹಿಂದೆಂದೂ ಎದುರಾಗದ ರೋಗಾಣುವನ್ನು ಗುರುತಿಸಬಲ್ಲ ಜೀವಕೋಶ ದೇಹದಲ್ಲಿ ಮೊದಲೇ ಇರುವುದಕ್ಕೆ ಈ ವೈವಿಧ್ಯವೇ ಕಾರಣ. ಆದರೆ ಇದೇ ಏರ್ಪಾಡಿನಿಂದ ದೇಹದ ಸ್ವಂತ ಪ್ರೋಟೀನುಗಳನ್ನು ಶತ್ರುವೆಂದು ಭಾವಿಸುವ ಜೀವಕೋಶಗಳೂ ಹುಟ್ಟುತ್ತವೆ.

ಇಂತಹ ಅಪಾಯಕಾರಿ ಜೀವಕೋಶಗಳಲ್ಲಿ ಬಹುಪಾಲು ಥೈಮಸ್‌ನಲ್ಲಿಯೇ ನಾಶವಾಗುತ್ತವೆ. ಇದನ್ನು ಕೇಂದ್ರೀಯ ಸಹಿಷ್ಣುತೆ ಎನ್ನುತ್ತಾರೆ. ಈ ಸೋಸುವಿಕೆ ಪರಿಪೂರ್ಣವಲ್ಲ. ಆರೋಗ್ಯವಂತರ ರಕ್ತದಲ್ಲಿಯೂ ಸ್ವಂತ ಅಂಗಾಂಶವನ್ನು ಗುರುತಿಸುವ ಕೆಲವು ಟಿ ಜೀವಕೋಶಗಳು ಕಂಡುಬರುತ್ತವೆ. ಅವು ಹತೋಟಿ ತಪ್ಪಿದರೆ ಒಂದನೇ ಬಗೆಯ ಮಧುಮೇಹ, ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ಉರಿಯೂತ ಮುಂತಾದ ಸ್ವಯಂನಿರೋಧಕ ಕಾಯಿಲೆಗಳು ತಲೆದೋರಬಹುದು. ವೈದ್ಯರು ಇವನ್ನು ಸಾಮಾನ್ಯವಾಗಿ ಆಟೋಇಮ್ಯೂನ್ ಕಾಯಿಲೆಗಳು ಎಂದು ಹೇಳುವುದುಂಟು. ಥೈಮಸ್‌ನಿಂದ ತಪ್ಪಿಸಿಕೊಂಡ ಈ ಜೀವಕೋಶಗಳನ್ನು ಹೆಚ್ಚಿನ ಜನರಲ್ಲಿ ಜೀವನಪರ್ಯಂತ ತಡೆದು ನಿಲ್ಲಿಸುವುದು ಯಾವುದು ಎಂಬುದು ಸಕಾಗುಚಿ ಅವರ ಸಂಶೋಧನೆಯ ಮೂಲ ಪ್ರಶ್ನೆಯಾಗಿತ್ತು.

ದಮನಕಾರಿ ಜೀವಕೋಶಗಳ ವಿವಾದ

ಇತರ ಜೀವಕೋಶಗಳ ಚಟುವಟಿಕೆಯನ್ನು ಕುಗ್ಗಿಸುವ ಟಿ ಜೀವಕೋಶಗಳಿವೆ ಎಂದು 1970ರ ದಶಕದ ಆರಂಭದಲ್ಲಿ ರಿಚರ್ಡ್ ಗೆರ್ಷನ್ ಮೊದಲಾದವರು ಪ್ರತಿಪಾದಿಸಿದರು. ಇವುಗಳಿಗೆ ದಮನಕಾರಿ ಟಿ ಜೀವಕೋಶಗಳು ಎಂಬ ಹೆಸರು ಬಂದಿತು. ಒಂದು ದಶಕದ ಕಾಲ ಈ ಕ್ಷೇತ್ರದಲ್ಲಿ ಭರದಿಂದ ಸಂಶೋಧನೆ ನಡೆಯಿತು. ಇವು ಐ-ಜೆ ಎಂಬ ಅಣುವನ್ನು ಹೊಂದಿವೆ ಎಂದು ನಂಬಲಾಗಿತ್ತು. ಆದರೆ 1980ರ ದಶಕದಲ್ಲಿ ಇಲಿಯ ಡಿಎನ್‌ಎಯ ಆ ಭಾಗವನ್ನು ನೇರವಾಗಿ ಪರಿಶೀಲಿಸಿದಾಗ, ಐ-ಜೆ ವಂಶವಾಹಿ ಇರಬೇಕಾದ ಜಾಗದಲ್ಲಿ ಅಂತಹ ವಂಶವಾಹಿಯೇ ಸಿಗಲಿಲ್ಲ. ಇದರಿಂದ ಇಡೀ ಕಲ್ಪನೆಯ ವಿಶ್ವಾಸಾರ್ಹತೆ ಕುಸಿಯಿತು. ದಮನಕಾರಿ ಜೀವಕೋಶ ಎಂಬ ಪದವನ್ನು ಬಳಸುವುದಕ್ಕೂ ಸಂಶೋಧಕರು ಹಿಂಜರಿಯತೊಡಗಿದರು. ಸಹಿಷ್ಣುತೆಗೆ ಥೈಮಸ್‌ನಲ್ಲಿ ನಡೆಯುವ ಸೋಸುವಿಕೆಯೇ ಸಾಕಷ್ಟು ವಿವರಣೆ ಎಂಬ ಅಭಿಪ್ರಾಯ ಬಲಗೊಂಡಿತು.

ಸಂಶೋಧನೆ

ಥೈಮಸ್ ತೆಗೆದ ಇಲಿಗಳು

ಸಕಾಗುಚಿ ಅವರ ಕೆಲಸ ಬೇರೆಯೇ ದಾರಿಯಲ್ಲಿ ಆರಂಭವಾಯಿತು. ನಿಶಿಜುಕಾ ಮತ್ತು ಟೆರುಯೊ ಸಕಾಕುರ ಅವರು 1969ರಲ್ಲಿ ಒಂದು ವಿಚಿತ್ರ ಫಲಿತಾಂಶವನ್ನು ಪ್ರಕಟಿಸಿದ್ದರು. ಹುಟ್ಟಿ ಮೂರು ದಿನವಾದ ಹೆಣ್ಣು ಇಲಿಮರಿಯ ಥೈಮಸ್ ಗ್ರಂಥಿಯನ್ನು ತೆಗೆದುಹಾಕಿದರೆ, ಕೆಲವು ವಾರಗಳಲ್ಲಿ ಅದರ ಅಂಡಾಶಯ ಹಾಳಾಗುತ್ತಿತ್ತು. ಅದೇ ಶಸ್ತ್ರಕ್ರಿಯೆಯನ್ನು ಏಳನೆಯ ದಿನ ಮಾಡಿದರೆ ಅಂಡಾಶಯಕ್ಕೆ ಹಾನಿಯಾಗುತ್ತಿರಲಿಲ್ಲ. ಇದು ಹಾರ್ಮೋನಿನ ಕೊರತೆಯಿಂದ ಉಂಟಾದ ಹಾನಿಯಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಅಂಡಾಶಯದ ಮೇಲೆ ನಡೆಸಿದ ದಾಳಿ ಎಂದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಇಲಿಯ ತಳಿಯನ್ನು ಅವಲಂಬಿಸಿ ಥೈರಾಯ್ಡ್, ಜಠರ ಮೊದಲಾದ ಅಂಗಗಳಲ್ಲಿಯೂ ಇಂತಹದೇ ಉರಿಯೂತ ಕಾಣಿಸುತ್ತಿತ್ತು.

ಈ ಫಲಿತಾಂಶ ಒಗಟಿನಂತಿತ್ತು. ಟಿ ಜೀವಕೋಶಗಳು ಪಕ್ವವಾಗುವ ಗ್ರಂಥಿಯನ್ನೇ ತೆಗೆದರೆ ರೋಗನಿರೋಧಕ ಶಕ್ತಿ ಕುಗ್ಗಬೇಕು. ಆದರೆ ಇಲ್ಲಿ ದಾಳಿ ಹೆಚ್ಚಾಗಿತ್ತು. ಸಕಾಗುಚಿ ಮತ್ತು ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಲ್ಲಿ ಇದರ ಎರಡು ಮುಖಗಳನ್ನು ತೋರಿಸಿದರು. ಕಾಯಿಲೆಗೆ ತುತ್ತಾದ ಇಲಿಯ ಟಿ ಜೀವಕೋಶಗಳನ್ನು ಬೇರೊಂದು ಎಳೆಯ ಇಲಿಗೆ ವರ್ಗಾಯಿಸಿದಾಗ ಅದರ ಅಂಡಾಶಯವೂ ಹಾಳಾಯಿತು. ಮತ್ತೊಂದೆಡೆ, ಥೈಮಸ್ ತೆಗೆದ ಮರಿಗೆ ಆರೋಗ್ಯವಂತ ವಯಸ್ಕ ಇಲಿಯ ಟಿ ಜೀವಕೋಶಗಳನ್ನು ಸಕಾಲದಲ್ಲಿ ನೀಡಿದಾಗ ಕಾಯಿಲೆ ಬರಲಿಲ್ಲ. ದಾಳಿಕೋರ ಜೀವಕೋಶಗಳೂ ಅವುಗಳನ್ನು ತಡೆಯುವ ಜೀವಕೋಶಗಳೂ ಸಹಜ ದೇಹದಲ್ಲಿ ಒಟ್ಟಿಗೆ ಇವೆ ಎಂಬುದು ಇದರಿಂದ ಹೊರಟ ಅರ್ಥ.

ಗುರುತಿನ ಹುಡುಕಾಟ

ಆಗಿನ ತಿಳಿವಳಿಕೆಯಂತೆ ಟಿ ಜೀವಕೋಶಗಳಲ್ಲಿ ಎರಡು ಮುಖ್ಯ ಗುಂಪುಗಳಿದ್ದವು. ಸಿಡಿ4 ಪ್ರೋಟೀನು ಹೊಂದಿದ ಸಹಾಯಕ ಜೀವಕೋಶಗಳು ರೋಗನಿರೋಧಕ ಪ್ರತಿಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಸಿಡಿ8 ಪ್ರೋಟೀನು ಹೊಂದಿದವು ಸೋಂಕಿತ ಜೀವಕೋಶಗಳನ್ನು ಕೊಲ್ಲುತ್ತವೆ. ಹಿಂದಿನ ದಮನಕಾರಿ ಜೀವಕೋಶಗಳನ್ನು ಎರಡನೆಯ ಗುಂಪಿನಲ್ಲಿ ಹುಡುಕಲಾಗಿತ್ತು. ಸಕಾಗುಚಿ ಅವರ ಪ್ರಯೋಗಗಳಲ್ಲಾದರೋ ರಕ್ಷಣೆ ನೀಡುವ ಜೀವಕೋಶಗಳು ಸಹಾಯಕ ಜೀವಕೋಶಗಳ ಗುಂಪಿನಲ್ಲಿಯೇ ಅಡಗಿದ್ದವು. ಚುರುಕುಗೊಳಿಸುವ ಜೀವಕೋಶಗಳಿಂದ ಅವನ್ನು ಬೇರ್ಪಡಿಸಲು ಮತ್ತೊಂದು ಗುರುತು ಬೇಕಾಗಿತ್ತು.

ಮೊದಲ ಪ್ರಯತ್ನದ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಮುಂದೆ ಸಿಡಿ5 ಎಂದು ಹೆಸರಾದ ಪ್ರೋಟೀನನ್ನು ಹೇರಳವಾಗಿ ಹೊಂದಿದ ಟಿ ಜೀವಕೋಶಗಳನ್ನು ತೆಗೆದುಹಾಕಿ, ಉಳಿದವನ್ನು ಹುಟ್ಟಿನಿಂದಲೇ ಥೈಮಸ್ ಇಲ್ಲದ ನ್ಯೂಡ್ ತಳಿಯ ಇಲಿಗಳಿಗೆ ವರ್ಗಾಯಿಸಲಾಯಿತು. ಆ ಇಲಿಗಳ ಹಲವು ಅಂಗಗಳಲ್ಲಿ ಸ್ವಯಂನಿರೋಧಕ ಕಾಯಿಲೆ ಕಾಣಿಸಿಕೊಂಡಿತು. ಕಾಯಿಲೆ ಬರಿಸಲು ಹೊರಗಿನಿಂದ ಯಾವ ವಸ್ತುವನ್ನೂ ಚುಚ್ಚಬೇಕಾಗಿರಲಿಲ್ಲ. ಸಹಜ ಇಲಿಯ ಜೀವಕೋಶಗಳಲ್ಲಿ ಒಂದು ಪಾಲನ್ನು ಕಳೆಯುವುದೇ ಸಾಕಾಗಿತ್ತು. ಆದರೆ ಸಿಡಿ5 ಹೆಚ್ಚಿನ ಟಿ ಜೀವಕೋಶಗಳಲ್ಲಿ ಇರುವುದರಿಂದ ಅದು ಸ್ಪಷ್ಟವಾದ ಗುರುತಾಗಿರಲಿಲ್ಲ.

ಇನ್ನೂ ಹತ್ತು ವರ್ಷಗಳ ನಂತರ, 1995ರಲ್ಲಿ, ಸಕಾಗುಚಿ ಅವರ ತಂಡ ಸಿಡಿ25 ಎಂಬ ಗುರುತನ್ನು ಪ್ರಕಟಿಸಿತು. ಟಿ ಜೀವಕೋಶಗಳ ಬೆಳವಣಿಗೆಗೆ ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಸಂದೇಶವಾಹಕವನ್ನು ಹಿಡಿಯುವ ಗ್ರಾಹಕದ ಒಂದು ಭಾಗವೇ ಸಿಡಿ25. ಆರೋಗ್ಯವಂತ ಇಲಿಯ ಸಿಡಿ4 ಜೀವಕೋಶಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ಇದನ್ನು ಹೊಂದಿರುತ್ತವೆ. ಈ ಚಿಕ್ಕ ಪಾಲನ್ನು ಕಳೆದು ಉಳಿದ ಜೀವಕೋಶಗಳನ್ನು ನ್ಯೂಡ್ ಇಲಿಗಳಿಗೆ ನೀಡಿದಾಗ ಥೈರಾಯ್ಡ್, ಜಠರ, ಅಂಡಾಶಯ, ಮೇದೋಜೀರಕ ಗ್ರಂಥಿ, ಕೀಲುಗಳು ಮುಂತಾದೆಡೆ ಉರಿಯೂತ ಉಂಟಾಯಿತು. ಕಳೆದಿದ್ದ ಜೀವಕೋಶಗಳನ್ನು ಸ್ವಲ್ಪ ಸಮಯದೊಳಗೆ ಮರಳಿ ಸೇರಿಸಿದಾಗ ಈ ಕಾಯಿಲೆಗಳು ತಪ್ಪಿದವು.

ಹಳೆಯ ಒಗಟಿಗೂ ಇದರಿಂದ ಉತ್ತರ ದೊರೆಯಿತು. ಸಿಡಿ25 ಹೊಂದಿದ ಸಿಡಿ4 ಜೀವಕೋಶಗಳು ಇಲಿಮರಿಯ ದೇಹದಲ್ಲಿ ಹುಟ್ಟಿದ ಮೂರನೆಯ ದಿನದ ಸುಮಾರಿಗೆ ಕಾಣಿಸಿಕೊಳ್ಳಲು ಆರಂಭಿಸುತ್ತವೆ ಎಂದು 1996ರಲ್ಲಿ ತಂಡ ತೋರಿಸಿತು. ಆ ದಿನ ಥೈಮಸ್ ತೆಗೆದರೆ, ದಾಳಿಕೋರ ಜೀವಕೋಶಗಳು ಅಷ್ಟರಲ್ಲೇ ಹೊರಬಂದಿರುತ್ತವೆ. ಅವುಗಳನ್ನು ತಡೆಯಬೇಕಾದ ಜೀವಕೋಶಗಳು ಮಾತ್ರ ಹಿಂದೆ ಉಳಿಯುತ್ತವೆ.

ಆರಂಭದಲ್ಲಿ ಈ ಫಲಿತಾಂಶಗಳನ್ನು ಅನೇಕರು ಸಂದೇಹದಿಂದಲೇ ನೋಡಿದರು. ಅಮೆರಿಕದ ಈಥನ್ ಶೆವಾಕ್ ಅವರ ಪ್ರಯೋಗಾಲಯವೂ ಸಕಾಗುಚಿ ಅವರ ತಂಡವೂ 1998ರಲ್ಲಿ ಪ್ರತ್ಯೇಕವಾಗಿ, ಈ ಜೀವಕೋಶಗಳು ಗಾಜಿನ ತಟ್ಟೆಯಲ್ಲಿಯೂ ಇತರ ಟಿ ಜೀವಕೋಶಗಳ ವೃದ್ಧಿಯನ್ನು ತಡೆಯುತ್ತವೆ ಎಂದು ತೋರಿಸಿದವು. 2001ರಲ್ಲಿ ಹಲವು ತಂಡಗಳು ಮನುಷ್ಯರ ರಕ್ತದಲ್ಲಿಯೂ ಇಂತಹ ಜೀವಕೋಶಗಳನ್ನು ಗುರುತಿಸಿದವು. ನಿಯಂತ್ರಕ ಟಿ ಜೀವಕೋಶ ಎಂಬ ಹೆಸರು ಈ ಅವಧಿಯಲ್ಲಿ ನೆಲೆಗೊಂಡಿತು.

ಫಾಕ್ಸ್‌ಪಿ3 ವಂಶವಾಹಿ

ಸಿಡಿ25 ಗುರುತಿಗೂ ಒಂದು ಮಿತಿಯಿತ್ತು. ಸೋಂಕಿನ ವಿರುದ್ಧ ಚುರುಕುಗೊಂಡ ಸಾಮಾನ್ಯ ಟಿ ಜೀವಕೋಶಗಳೂ ಅದನ್ನು ತಾತ್ಕಾಲಿಕವಾಗಿ ಹೊರತರುತ್ತವೆ. ನಿಯಂತ್ರಕ ಜೀವಕೋಶಗಳು ನಿಜಕ್ಕೂ ಬೇರೆ ಬಗೆಯವೇ ಎಂಬ ಪ್ರಶ್ನೆಗೆ ಉತ್ತರ ಅಮೆರಿಕದ ವಂಶವಾಹಿ ಸಂಶೋಧನೆಯಿಂದ ಬಂದಿತು.

ಟೆನ್ನೆಸಿ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಸ್ಕರ್ಫಿ ಎಂಬ ಇಲಿತಳಿ ತಾನಾಗಿಯೇ ಕಾಣಿಸಿಕೊಂಡಿತ್ತು. ಅದರ ಗಂಡುಮರಿಗಳ ಚರ್ಮ ಹೊಟ್ಟಿನಂತೆ ಉದುರುತ್ತಿತ್ತು, ಗುಲ್ಮ ಮತ್ತು ದುಗ್ಧಗ್ರಂಥಿಗಳು ಊದಿಕೊಳ್ಳುತ್ತಿದ್ದವು ಹಾಗೂ ಅವು ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ದೋಷವು ಎಕ್ಸ್ ವರ್ಣತಂತುವಿನಲ್ಲಿದ್ದುದರಿಂದ ಒಂದೇ ಎಕ್ಸ್ ವರ್ಣತಂತು ಇರುವ ಗಂಡುಮರಿಗಳು ಮಾತ್ರ ಬಲಿಯಾಗುತ್ತಿದ್ದವು. ವಾಷಿಂಗ್ಟನ್ ರಾಜ್ಯದ ಬೊಥೆಲ್ ಪಟ್ಟಣದ ಜೈವಿಕ ತಂತ್ರಜ್ಞಾನ ಸಂಸ್ಥೆಯೊಂದರಲ್ಲಿದ್ದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಈ ದೋಷವನ್ನು ಹುಡುಕಿ, ಅನುಮಾನಿತ ಭಾಗವನ್ನು 20 ವಂಶವಾಹಿಗಳಿಗೆ ಇಳಿಸಿದರು. ಒಂದೊಂದಾಗಿ ಪರೀಕ್ಷಿಸಿದಾಗ ದೋಷ ಪತ್ತೆಯಾದದ್ದು ಕೊನೆಯ ವಂಶವಾಹಿಯಲ್ಲಿ. ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಡಲಾಯಿತು.

ಇದೇ ವಂಶವಾಹಿಯ ದೋಷದಿಂದ ಮನುಷ್ಯರಲ್ಲಿ ಐಪೆಕ್ಸ್ ಎಂಬ ಅಪರೂಪದ ಕಾಯಿಲೆ ಬರುತ್ತದೆ ಎಂದು 2001ರಲ್ಲಿ ತಿಳಿದುಬಂದಿತು. ಈ ದೋಷದೊಂದಿಗೆ ಜನಿಸಿದ ಗಂಡುಶಿಶುಗಳಲ್ಲಿ ತೀವ್ರ ಭೇದಿ, ಒಂದನೇ ಬಗೆಯ ಮಧುಮೇಹ ಮತ್ತು ಚರ್ಮದ ಉರಿಯೂತ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಹೆಚ್ಚಿನ ಶಿಶುಗಳು ಎಳವೆಯಲ್ಲಿಯೇ ಸಾವನ್ನಪ್ಪುತ್ತವೆ. ಆರೋಗ್ಯವಂತ ದಾನಿಯ ರಕ್ತಮೂಲ ಜೀವಕೋಶಗಳನ್ನು ಕಸಿ ಮಾಡುವುದರಿಂದ ಇದನ್ನು ಗುಣಪಡಿಸುವ ಸಾಧ್ಯತೆಯಿದೆ.

ಐಪೆಕ್ಸ್‌ನ ಲಕ್ಷಣಗಳು, ನಿಯಂತ್ರಕ ಜೀವಕೋಶಗಳನ್ನು ಕಳೆದುಕೊಂಡ ಇಲಿಗಳ ಕಾಯಿಲೆಯನ್ನು ಹೋಲುವುದನ್ನು ಸಕಾಗುಚಿ ಗಮನಿಸಿದರು. ಅವರು ಶೋಹೆಯ್ ಹೋರಿ ಮತ್ತು ತಕಾಶಿ ನೊಮುರಾ ಅವರೊಂದಿಗೆ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಫಾಕ್ಸ್‌ಪಿ3 ಪ್ರೋಟೀನು ನಿಯಂತ್ರಕ ಟಿ ಜೀವಕೋಶಗಳಲ್ಲಿ ವಿಶಿಷ್ಟವಾಗಿ ಕಂಡುಬರುತ್ತದೆ ಎಂದು ತೋರಿಸಿದರು. ಈ ವಂಶವಾಹಿಯನ್ನು ಸಾಮಾನ್ಯ ಟಿ ಜೀವಕೋಶಗಳಿಗೆ ಸೇರಿಸಿದಾಗ ಅವೂ ದಮನ ಮಾಡುವ ಗುಣವನ್ನು ಪಡೆದವು. ಅದೇ ವರ್ಷ ಅಲೆಕ್ಸಾಂಡರ್ ರುಡೆನ್‌ಸ್ಕಿ ಅವರ ತಂಡ ಮತ್ತು ರಾಮ್ಸ್‌ಡೆಲ್ ಅವರ ತಂಡಗಳು ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದವು. ಇದರೊಂದಿಗೆ ನಿಯಂತ್ರಕ ಟಿ ಜೀವಕೋಶಗಳು ತಮ್ಮದೇ ವಂಶವಾಹಿ ನಿರ್ದೇಶನವುಳ್ಳ ಪ್ರತ್ಯೇಕ ಬಗೆ ಎಂಬುದು ಖಚಿತವಾಯಿತು. ಐ-ಜೆ ಪ್ರಕರಣದಲ್ಲಿ ಸಿಗದೆ ಹೋಗಿದ್ದ ವಂಶವಾಹಿ ಆಧಾರ ಈ ಜೀವಕೋಶಗಳಿಗೆ ದೊರೆತಿತ್ತು.

ನಿಯಂತ್ರಣದ ವಿಧಾನಗಳು

ನಿಯಂತ್ರಕ ಟಿ ಜೀವಕೋಶಗಳು ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಇತರ ಜೀವಕೋಶಗಳನ್ನು ತಡೆಯುತ್ತವೆ. ಅವುಗಳ ಮೇಲ್ಮೈಯಲ್ಲಿರುವ ಸಿಟಿಎಲ್‌ಎ-4 ಎಂಬ ಪ್ರೋಟೀನು ಇವುಗಳಲ್ಲಿ ಮುಖ್ಯವಾದುದು. ಟಿ ಜೀವಕೋಶವೊಂದು ದಾಳಿಗೆ ಸಜ್ಜಾಗಬೇಕಾದರೆ, ರೋಗಾಣುವಿನ ತುಣುಕನ್ನು ತೋರಿಸುವ ಜೀವಕೋಶದಿಂದ ಎರಡನೆಯ ಸಂಕೇತವೂ ಬೇಕು. ಸಿಟಿಎಲ್‌ಎ-4 ಆ ಸಂಕೇತವನ್ನು ನೀಡುವ ಅಣುಗಳನ್ನು ಹಿಡಿದು ಕಡಿಮೆ ಮಾಡುತ್ತದೆ. ನಿಯಂತ್ರಕ ಜೀವಕೋಶಗಳಲ್ಲಿ ಮಾತ್ರ ಸಿಟಿಎಲ್‌ಎ-4 ಇಲ್ಲದಂತೆ ಮಾಡಿದ ಇಲಿಗಳೂ ಮಾರಕ ಸ್ವಯಂನಿರೋಧಕ ಕಾಯಿಲೆಗೆ ತುತ್ತಾಗುತ್ತವೆ ಎಂದು ಸಕಾಗುಚಿ ಅವರ ತಂಡ 2008ರಲ್ಲಿ ವರದಿ ಮಾಡಿತು.

ಮತ್ತೊಂದು ವಿಧಾನ ಇಂಟರ್‌ಲ್ಯೂಕಿನ್-2ಕ್ಕೆ ಸಂಬಂಧಿಸಿದ್ದು. ನಿಯಂತ್ರಕ ಜೀವಕೋಶಗಳು ಇದನ್ನು ಹೆಚ್ಚಾಗಿ ಉತ್ಪಾದಿಸುವುದಿಲ್ಲ, ಆದರೆ ಸಿಡಿ25 ಹೇರಳವಾಗಿರುವುದರಿಂದ ಇತರ ಜೀವಕೋಶಗಳು ಉತ್ಪಾದಿಸಿದ್ದನ್ನು ಹೀರಿಕೊಳ್ಳುತ್ತವೆ. ಇದರಿಂದ ದಾಳಿಕೋರ ಜೀವಕೋಶಗಳಿಗೆ ಅದರ ಪೂರೈಕೆ ಕಡಿಮೆಯಾಗುತ್ತದೆ. ಟಿ ಜೀವಕೋಶಗಳನ್ನು ಬೆಳೆಸುವ ವಸ್ತುವೆಂದು ಹೆಸರಾಗಿದ್ದ ಇಂಟರ್‌ಲ್ಯೂಕಿನ್-2 ಇಲ್ಲದ ಇಲಿಗಳಲ್ಲಿ ಸ್ವಯಂನಿರೋಧಕ ಕಾಯಿಲೆ ಬರುವುದಕ್ಕೂ ಇದೇ ವಿವರಣೆ: ಅದರ ಕೊರತೆಯಿಂದ ಮೊದಲು ನಲುಗುವುದು ನಿಯಂತ್ರಕ ಜೀವಕೋಶಗಳೇ.

ಸಂಧಿವಾತದ ಮಾದರಿ

ಸಕಾಗುಚಿ ದಂಪತಿಗಳ ತಂಡ ಎಸ್‌ಕೆಜಿ ಎಂಬ ಇಲಿತಳಿಯನ್ನೂ ಅಧ್ಯಯನ ಮಾಡಿತು. ಈ ಇಲಿಗಳಲ್ಲಿ ಮನುಷ್ಯರ ರುಮಟಾಯ್ಡ್ ಸಂಧಿವಾತವನ್ನು ಹೋಲುವ ಕಾಯಿಲೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಜ್ಯಾಪ್-70 ಎಂಬ ವಂಶವಾಹಿಯ ಒಂದು ಸಣ್ಣ ಬದಲಾವಣೆಯಿಂದ ಥೈಮಸ್‌ನಲ್ಲಿ ಟಿ ಜೀವಕೋಶಗಳ ಸೋಸುವಿಕೆ ಏರುಪೇರಾಗಿ ಈ ಸಂಧಿವಾತ ಉಂಟಾಗುತ್ತದೆ ಎಂದು 2003ರಲ್ಲಿ ಅವರು ತಿಳಿಸಿದರು.

ಚಿಕಿತ್ಸೆಯಲ್ಲಿ ಮಹತ್ವ

ಸ್ವಯಂನಿರೋಧಕ ಕಾಯಿಲೆಗಳ ಹಲವು ಸಾಂಪ್ರದಾಯಿಕ ಔಷಧಗಳು ರೋಗನಿರೋಧಕ ಶಕ್ತಿಯನ್ನು ವ್ಯಾಪಕವಾಗಿ ಕುಗ್ಗಿಸುತ್ತವೆ. ಇದರಿಂದ ಸೋಂಕಿನ ಅಪಾಯ ಹೆಚ್ಚುತ್ತದೆ. ನಿಯಂತ್ರಕ ಜೀವಕೋಶಗಳನ್ನು ಬಲಪಡಿಸಿದರೆ ಅಗತ್ಯವಾದ ರಕ್ಷಣೆಯನ್ನು ಉಳಿಸಿಕೊಂಡೇ ತಪ್ಪು ದಾಳಿಯನ್ನು ತಡೆಯಬಹುದು ಎಂಬುದು ಸಂಶೋಧಕರ ನಿರೀಕ್ಷೆ. ಇದಕ್ಕಾಗಿ ಮುಖ್ಯವಾಗಿ ಮೂರು ದಾರಿಗಳಲ್ಲಿ ಪ್ರಯತ್ನಗಳು ನಡೆದಿವೆ.

ಮೊದಲನೆಯದು, ಕಡಿಮೆ ಪ್ರಮಾಣದ ಇಂಟರ್‌ಲ್ಯೂಕಿನ್-2 ನೀಡಿ ದೇಹದೊಳಗೆ ಇರುವ ನಿಯಂತ್ರಕ ಜೀವಕೋಶಗಳನ್ನು ಹೆಚ್ಚಿಸುವುದು. ಮಜ್ಜೆಯ ಕಸಿಯ ನಂತರದ ತೊಡಕುಗಳು ಮತ್ತು ರಕ್ತನಾಳಗಳ ಉರಿಯೂತವಿದ್ದ ರೋಗಿಗಳಲ್ಲಿ ನಡೆದ ಇಂತಹ ಅಧ್ಯಯನಗಳು 2011ರಲ್ಲಿ ಪ್ರಕಟವಾದವು. ಎರಡನೆಯದು, ರೋಗಿಯ ರಕ್ತದಿಂದ ನಿಯಂತ್ರಕ ಜೀವಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ನೀಡುವುದು. ಒಂದನೇ ಬಗೆಯ ಮಧುಮೇಹ ಮತ್ತು ಮೂತ್ರಪಿಂಡ ಕಸಿಯ ಸಂದರ್ಭಗಳಲ್ಲಿ ಇದನ್ನು ಪರೀಕ್ಷಿಸಲಾಗಿದೆ. ಮೂರನೆಯದು, ದಾಳಿಕೋರ ಜೀವಕೋಶಗಳನ್ನೇ ನಿಯಂತ್ರಕ ಜೀವಕೋಶಗಳಾಗಿ ಪರಿವರ್ತಿಸುವುದು. ಸಿಡಿಕೆ8 ಮತ್ತು ಸಿಡಿಕೆ19 ಎಂಬ ಕಿಣ್ವಗಳನ್ನು ತಡೆಯುವ ರಾಸಾಯನಿಕದಿಂದ ಸಾಮಾನ್ಯ ಟಿ ಜೀವಕೋಶಗಳಲ್ಲಿ ಫಾಕ್ಸ್‌ಪಿ3 ಕಾಣಿಸಿಕೊಳ್ಳುವಂತೆ ಮಾಡಬಹುದು ಎಂದು ಸಕಾಗುಚಿ ಮತ್ತು ಸಹೋದ್ಯೋಗಿಗಳು 2019ರಲ್ಲಿ ವರದಿ ಮಾಡಿದರು.

ಕ್ಯಾನ್ಸರ್‌ನಲ್ಲಿ ಸಮಸ್ಯೆ ತದ್ವಿರುದ್ಧವಾಗಿದೆ. ಹಲವು ಬಗೆಯ ಗೆಡ್ಡೆಗಳಲ್ಲಿ ನಿಯಂತ್ರಕ ಟಿ ಜೀವಕೋಶಗಳು ಗುಂಪುಗೂಡಿ, ಕ್ಯಾನ್ಸರ್ ವಿರುದ್ಧದ ದಾಳಿಯನ್ನು ತಡೆಯುತ್ತವೆ. ಸಿಡಿ25 ಹೊಂದಿದ ಜೀವಕೋಶಗಳನ್ನು ತೆಗೆದುಹಾಕಿದರೆ ಇಲಿಗಳಲ್ಲಿ ಗೆಡ್ಡೆಯ ವಿರುದ್ಧದ ಪ್ರತಿಕ್ರಿಯೆ ಬಲಗೊಳ್ಳುತ್ತದೆ ಎಂದು ಸಕಾಗುಚಿ ಅವರ ತಂಡ 1999ರಲ್ಲಿಯೇ ತೋರಿಸಿತ್ತು. ಗೆಡ್ಡೆಯೊಳಗಿನ ನಿಯಂತ್ರಕ ಜೀವಕೋಶಗಳನ್ನು ಮಾತ್ರ ಕುಗ್ಗಿಸುವುದು ಇಲ್ಲಿನ ಸವಾಲು. ದೇಹದ ಎಲ್ಲೆಡೆ ಅವು ಕಡಿಮೆಯಾದರೆ ಸ್ವಯಂನಿರೋಧಕ ಕಾಯಿಲೆ ಬರುವ ಅಪಾಯವಿದೆ. ಕ್ಯಾನ್ಸರ್‌ಗಾಗಿ ಸಿಟಿಎಲ್‌ಎ-4 ತಡೆಯುವ ಔಷಧ ಪಡೆದ ಕೆಲವು ರೋಗಿಗಳಲ್ಲಿ ಕರುಳು, ಚರ್ಮ ಅಥವಾ ಹಾರ್ಮೋನು ಗ್ರಂಥಿಗಳ ಉರಿಯೂತ ಕಂಡುಬರುವುದು ಈ ಸಮತೋಲನ ಎಷ್ಟು ಸೂಕ್ಷ್ಮ ಎಂಬುದಕ್ಕೆ ನಿದರ್ಶನವಾಗಿದೆ.

ಪ್ರಶಸ್ತಿ ಮತ್ತು ಗೌರವಗಳು

2004: ವಿಲಿಯಂ ಬಿ. ಕೋಲಿ ಪ್ರಶಸ್ತಿ, ಈಥನ್ ಶೆವಾಕ್ ಅವರೊಂದಿಗೆ
2008: ಕೆಯೊ ವೈದ್ಯವಿಜ್ಞಾನ ಪ್ರಶಸ್ತಿ
2012: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ
2015: ಕೆನಡಾದ ಗೈರ್ಡ್‌ನರ್ ಅಂತರರಾಷ್ಟ್ರೀಯ ಪ್ರಶಸ್ತಿ
2017: ಕ್ರಾಫೂರ್ಡ್ ಪ್ರಶಸ್ತಿ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಅಲೆಕ್ಸಾಂಡರ್ ರುಡೆನ್‌ಸ್ಕಿ ಅವರೊಂದಿಗೆ
2019: ಜಪಾನ್ ಸರ್ಕಾರದ ಆರ್ಡರ್ ಆಫ್ ಕಲ್ಚರ್ ಗೌರವ
2020: ಪಾಲ್ ಎರ್ಲಿಕ್ ಮತ್ತು ಲುಡ್ವಿಗ್ ಡಾರ್ಮ್‌ಸ್ಟೇಟರ್ ಪ್ರಶಸ್ತಿ
2025: ವೈದ್ಯಕೀಯ ನೊಬೆಲ್ ಪ್ರಶಸ್ತಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ

ನೊಬೆಲ್ ಪ್ರಶಸ್ತಿಯನ್ನು 2025ರ ಅಕ್ಟೋಬರ್ 6ರಂದು ಸ್ಟಾಕ್‌ಹೋಮಿನಲ್ಲಿ ಪ್ರಕಟಿಸಲಾಯಿತು. ಸಿಡಿ25 ಗುರುತನ್ನು ಕುರಿತ ಪ್ರಬಂಧ ಪ್ರಕಟವಾಗಿ ಆಗ 30 ವರ್ಷಗಳು ಸಂದಿದ್ದವು.